ಸೋಲಿನ ಮರುದಿನದ ನುಡಿ

ನುಡಿಯ ಶುದ್ಧಿಯನ್ನು ಕುರಿತು ಚಿಂತಿಸುವಾಗ ದೇವರ ಮುಂದೆ ಆಡುವ ನುಡಿ, ಗುರುಹಿರಿಯರ ಮುಂದೆ ಆಡುವ ನುಡಿ, ಸಭೆಯಲ್ಲಿ ಆಡುವ ನುಡಿ ಇಷ್ಟನ್ನೇ ನೆನೆಯುವುದು ರೂಢಿಯಾಗಿದೆ. ನುಡಿ ಹೇಗಿರಬೇಕೆಂದು ಬಸವಣ್ಣನವರು ಹೇಳಿದ ವಚನ ಭಕ್ತರ ಮನೆಯ ಮಕ್ಕಳಿಗೂ ಕಂಠಪಾಠವಾಗಿರುವುದರಿಂದ ಅದನ್ನು ಇಲ್ಲಿ ಮತ್ತೆ ಬರೆಯಬೇಕಾಗಿಲ್ಲ. ಆದರೆ ಅದೇ ಮಕ್ಕಳು ರಾತ್ರಿ ಹನ್ನೊಂದೂವರೆಗೆ ಕ್ರಿಕೆಟ್ ಪಂದ್ಯ ಮುಗಿದ ಮೇಲೆ, ಕೈಯಲ್ಲಿ ಮೊಬೈಲು ಹಿಡಿದು ಬೆರಳ ತುದಿಯಿಂದ ಆಡುವ ನುಡಿ ಯಾವ ಲೆಕ್ಕಕ್ಕೆ ಸೇರುತ್ತದೆಂಬುದನ್ನು ಕೇಳುವವರು ವಿರಳ. ಬಾಯಿಂದ ಬಾರದ ಮಾತು ಮಾತೇ ಅಲ್ಲವೆಂಬ ಭಾವನೆ ಹಲವರಲ್ಲಿ ಬೇರೂರಿದೆ.

2023ರ ಮೇ 21ರ ರಾತ್ರಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ರಾಯಲ್ ಚಾಲೆಂಜರ್ಸ್ ತಂಡಕ್ಕೆ ಗುಜರಾತ್ ಟೈಟನ್ಸ್ ಎದುರಾಗಿತ್ತು. ವಿರಾಟ್ ಕೊಹ್ಲಿ ಔಟಾಗದೆ 101 ರನ್ ಗಳಿಸಿದರು, ತಂಡದ ಮೊತ್ತ 197 ಆಯಿತು. ಅದಕ್ಕೆ ಉತ್ತರವಾಗಿ ಶುಭಮನ್ ಗಿಲ್ ಔಟಾಗದೆ 104 ರನ್ ಹೊಡೆದು, ಇನ್ನೂ ಐದು ಎಸೆತ ಉಳಿದಿರುವಂತೆಯೇ ಗುಜರಾತನ್ನು ಗೆಲ್ಲಿಸಿದರು. ಬೆಂಗಳೂರು ತಂಡದ ಆ ವರ್ಷದ ಆಟ ಅಲ್ಲಿಗೇ ಮುಗಿಯಿತು. ಒಂದೇ ರಾತ್ರಿ ಒಂದೇ ಮೈದಾನದಲ್ಲಿ ಎರಡು ಅಮೋಘ ಶತಕಗಳು! ಆಟವನ್ನು ಆಟವೆಂದು ಪ್ರೀತಿಸುವವರಿಗೆ ಅದೊಂದು ಹಬ್ಬ. ಆದರೆ ಬೆಳಗಾಗುವುದರೊಳಗೆ ಗಿಲ್ ಅವರ ಸೋದರಿಯ ಮೇಲೆ, ಬ್ಯಾಟನ್ನೇ ಹಿಡಿಯದ ಆ ಹೆಣ್ಣುಮಗಳ ಮೇಲೆ, ಬರೆಯಲೂ ಬಾರದಂತಹ ಬೈಗುಳ ಮತ್ತು ಬೆದರಿಕೆಗಳ ಸುರಿಮಳೆಯಾಯಿತು. ದೆಹಲಿ ಮಹಿಳಾ ಆಯೋಗವು ಪೊಲೀಸರಿಗೆ ನೋಟಿಸು ನೀಡುವ ಮಟ್ಟಕ್ಕೆ ಪ್ರಕರಣ ಬೆಳೆಯಿತು. ಬೈದವರು ತಮ್ಮನ್ನು ಬೆಂಗಳೂರು ತಂಡದ ಅಭಿಮಾನಿಗಳೆಂದು ಕರೆದುಕೊಂಡವರು. ಅವರಲ್ಲಿ ಯಾವ ಊರಿನವರು ಎಷ್ಟು ಮಂದಿ ಎಂಬುದರ ಲೆಕ್ಕ ಯಾರ ಬಳಿಯೂ ಇರಲಾರದು. ಆದರೆ ಕೋಲಾರದವರು ಒಬ್ಬರೂ ಇರಲಿಲ್ಲವೆಂದು ಎದೆ ತಟ್ಟಿ ಹೇಳುವ ಧೈರ್ಯ ಯಾರಿಗಿದೆ?

ಈ ಜಿಲ್ಲೆಯಿಂದ ಚಿನ್ನಸ್ವಾಮಿ ಕ್ರೀಡಾಂಗಣ ದೂರವೇನಲ್ಲ. ಕೋಲಾರದಿಂದ ಹೊರಟರೆ ಸುಮಾರು ಎಪ್ಪತ್ತು ಕಿಲೋಮೀಟರು. ಬಂಗಾರಪೇಟೆಯ ಕಡೆಯಿಂದ ಬರುವ ಬೆಳಗಿನ ರೈಲು ಮಾಲೂರಿನಲ್ಲಿ ನಿಂತಾಗ ಏರುವ ಕೆಲಸಗಾರರ ನಡುವೆ ಹಿಂದಿನ ರಾತ್ರಿಯ ಪಂದ್ಯದ ವಿಮರ್ಶೆ ಬೆಂಗಳೂರು ಮುಟ್ಟುವವರೆಗೂ ಮುಗಿಯುವುದಿಲ್ಲ. ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿಯೂ ಐಪಿಎಲ್ ಪಂದ್ಯಾವಳಿಯೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬರುತ್ತವೆ. ಮಂಡಿಯಲ್ಲಿ ಕಾಯಿ ವಿಂಗಡಿಸುವವರ ಪಕ್ಕದಲ್ಲಿ ಒಂದು ಮೊಬೈಲು ಗೋಡೆಗೊರಗಿ ನಿಂತು ಪಂದ್ಯ ತೋರಿಸುತ್ತಿರುತ್ತದೆ. ಮುಳಬಾಗಿಲಿನ ದೋಸೆ ಹೋಟೆಲುಗಳಲ್ಲಿ ಕಾವಲಿಯ ಸದ್ದಿಗಿಂತ ಸ್ಕೋರಿನ ಸದ್ದೇ ಜೋರು. ಇದರಲ್ಲಿ ತಪ್ಪೇನೂ ಇಲ್ಲ. ದಿನವಿಡೀ ದುಡಿದ ಮನುಷ್ಯನಿಗೆ ಆಟ ನೋಡುವ ಸಂತೋಷ ಬೇಕು, ಅದರ ಬಗ್ಗೆ ವಾದಿಸುವ ಸಂತೋಷ ಅದಕ್ಕಿಂತಲೂ ಹೆಚ್ಚಾಗಿ ಬೇಕು. ಮುಖಾಮುಖಿ ಕುಳಿತು ಆಡುವ ಮಾತಿಗೆ ಎದುರಿನವನ ಮುಖವೇ ಕಡಿವಾಣ. ಅವನ ಕಣ್ಣು ಕೆಂಪಾದರೆ ಮಾತು ತಾನಾಗಿ ತಗ್ಗುತ್ತದೆ. ಮೊಬೈಲಿನಲ್ಲಿ ಆ ಮುಖ ಕಾಣುವುದಿಲ್ಲ. ಗುಂಪಿನಲ್ಲಿ ನೂರು ಜನರಿರುತ್ತಾರೆ, ನೂರು ಜನರಲ್ಲಿ ಹತ್ತು ಜನ ನಗುತ್ತಾರೆ. ಆ ಹತ್ತು ನಗುವಿನ ಆಸೆಗೆ ಹನ್ನೊಂದನೆಯ ಮಾತು ಇನ್ನಷ್ಟು ಕೊಳಕಾಗುತ್ತದೆ.

ಬರಿಯ ಮಾತು ತಾನೇ, ಇದರಿಂದ ಯಾರಿಗೇನು ಆಗುತ್ತದೆ ಎನ್ನುವವರು ಎರಡು ಘಟನೆಗಳನ್ನು ಮನಸ್ಸಿಗೆ ತಂದುಕೊಳ್ಳಬೇಕು. 2022ರ ಅಕ್ಟೋಬರಿನಲ್ಲಿ ತಮಿಳುನಾಡಿನ ಅರಿಯಲೂರು ಜಿಲ್ಲೆಯಲ್ಲಿ ಇಬ್ಬರು ಯುವಕರು ಒಟ್ಟಿಗೆ ಕುಳಿತು ಕುಡಿಯುತ್ತಾ ಕ್ರಿಕೆಟಿನ ಮಾತಿಗೆ ತೊಡಗಿದರು. ಒಬ್ಬನಿಗೆ ರೋಹಿತ್ ಶರ್ಮಾ ಪ್ರಿಯ, ಇನ್ನೊಬ್ಬನಿಗೆ ಕೊಹ್ಲಿ. ಇಬ್ಬರೂ ಸ್ನೇಹಿತರೇ. ಬೆಂಗಳೂರು ತಂಡವನ್ನು ಹಂಗಿಸುವ ಭರದಲ್ಲಿ ಮೊದಲನೆಯವನು ಗೆಳೆಯನ ಉಗ್ಗುವ ಮಾತನ್ನು ಎಳೆದು ತಂದು, ತಂಡದ ಆಟಕ್ಕೆ ಅದನ್ನು ಹೋಲಿಸಿ ನಕ್ಕನೆಂದು ಪೊಲೀಸ್ ತನಿಖೆಯ ವರದಿಗಳು ತಿಳಿಸಿದವು. ಕೊನೆಗೆ ಆ ಗೆಳೆಯ ಕ್ರಿಕೆಟ್ ಬ್ಯಾಟಿನಿಂದಲೇ ಹೊಡೆದು ಅವನ ಪ್ರಾಣ ತೆಗೆದ. 2024ರ ಮಾರ್ಚಿನಲ್ಲಿ ಕೊಲ್ಲಾಪುರದ ಬಳಿ ಇಂತಹುದೇ ಇನ್ನೊಂದು ನಡೆಯಿತು. ಮುಂಬೈ ಮತ್ತು ಹೈದರಾಬಾದ್ ತಂಡಗಳ ಪಂದ್ಯ ನೋಡುತ್ತಿದ್ದ ಅರವತ್ತು ದಾಟಿದ ಹಿರಿಯರೊಬ್ಬರು ರೋಹಿತ್ ಔಟಾದಾಗ ಸಂತೋಷಪಟ್ಟು ಚುಡಾಯಿಸಿದರೆಂಬ ಕಾರಣಕ್ಕೆ ಮುಂಬೈ ತಂಡದ ಇಬ್ಬರು ಅಭಿಮಾನಿಗಳು ಅವರನ್ನು ಥಳಿಸಿದರು; ಕೆಲ ದಿನಗಳಲ್ಲಿ ಅವರು ತೀರಿಕೊಂಡರು. ಆ ಹಿರಿಯರು ಚೆನ್ನೈ ತಂಡದ ಅಭಿಮಾನಿ. ಅವರ ತಂಡ ಅಂದು ಆಡುತ್ತಲೂ ಇರಲಿಲ್ಲ.

ಕೊಂದವರ ಅಪರಾಧಕ್ಕೆ ಯಾವ ಸಮರ್ಥನೆಯೂ ಇಲ್ಲ, ಚುಡಾಯಿಸಿದವರು ಸಾಯಬೇಕಾಗಿತ್ತೆಂದು ಯಾವ ವಿವೇಕಿಯೂ ಹೇಳಲಾರ. ಆದರೂ ಈ ಎರಡು ಘಟನೆಗಳ ನಡುವೆ ಒಂದು ವ್ಯತ್ಯಾಸವನ್ನು ಗುರುತಿಸಲೇಬೇಕಾಗುತ್ತದೆ. ಕೊಲ್ಲಾಪುರದಲ್ಲಿ ಆಡಿದ ಮಾತು ಆಟದ ಮಾತು. ಒಬ್ಬ ಬ್ಯಾಟ್ಸ್‌ಮನ್ ಔಟಾದ, ನಗು ಬಂತು, ನಕ್ಕರು. ಅರಿಯಲೂರಿನಲ್ಲಿ ಆಡಿದ ಮಾತು ಆಟವನ್ನು ಬಿಟ್ಟು ಎದುರು ಕುಳಿತವನ ನಾಲಗೆಯ ಮೇಲೆ ಹೋಯಿತು, ಅವನು ಹೊತ್ತುಕೊಂಡು ಬಂದ ನೋವಿನ ಮೇಲೆ ಹೋಯಿತು. ಕ್ರೀಡಾಭಿಮಾನಿಗಳ ಜಗಳಗಳನ್ನು ಗಮನಿಸಿದರೆ ಬೈಗುಳ ಎಂದಿಗೂ ಬ್ಯಾಟಿನ ಬಳಿ, ಚೆಂಡಿನ ಬಳಿ ನಿಲ್ಲುವುದಿಲ್ಲ. ಅದು ಮನೆಯ ಹೊಸ್ತಿಲನ್ನು ಹುಡುಕಿಕೊಂಡು ಹೋಗುತ್ತದೆ.

2021ರ ಅಕ್ಟೋಬರಿನಲ್ಲಿ ಶಾರ್ಜಾದಲ್ಲಿ ಬೆಂಗಳೂರು ತಂಡ ಕೋಲ್ಕತ್ತಕ್ಕೆ ಸೋತು ಹೊರಬಿದ್ದಾಗ, ಡ್ಯಾನ್ ಕ್ರಿಶ್ಚಿಯನ್ ಎಂಬ ಆಸ್ಟ್ರೇಲಿಯದ ಆಟಗಾರನ ಒಂದು ಓವರಿನಲ್ಲಿ ಸುನಿಲ್ ನರೈನ್ ಮೂರು ಸಿಕ್ಸರ್ ಹೊಡೆದಿದ್ದರು. ಬೈಗುಳ ಹೋದದ್ದು ಗರ್ಭಿಣಿಯಾಗಿದ್ದ ಅವರ ಸಂಗಾತಿಗೆ. ಆಕೆಯನ್ನು ಇದರಿಂದ ದೂರವಿಡಿರೆಂದು ಅವರು ಸಾರ್ವಜನಿಕವಾಗಿ ಬೇಡಿಕೊಳ್ಳಬೇಕಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಟೋಕಿಯೊ ಒಲಿಂಪಿಕ್ಸಿನ ಸೆಮಿಫೈನಲಿನಲ್ಲಿ ಭಾರತದ ಮಹಿಳಾ ಹಾಕಿ ತಂಡ ಅರ್ಜೆಂಟೀನಕ್ಕೆ ಸೋತಿತು. ಹರಿದ್ವಾರದ ಬಳಿಯ ರೋಶನಾಬಾದಿನಲ್ಲಿ ವಂದನಾ ಕಟಾರಿಯಾ ಅವರ ಮನೆಯ ಮುಂದೆ ಕೆಲವರು ಪಟಾಕಿ ಹೊಡೆದು, ಜಾತಿ ಹಿಡಿದು ನಿಂದಿಸಿದರೆಂದು ಕುಟುಂಬದವರು ದೂರು ಕೊಟ್ಟರು. ಅದಕ್ಕೆ ನಾಲ್ಕೇ ದಿನಗಳ ಹಿಂದೆ ದಕ್ಷಿಣ ಆಫ್ರಿಕದ ವಿರುದ್ಧ ಮೂರು ಗೋಲು ಹೊಡೆದು, ಒಲಿಂಪಿಕ್ಸಿನಲ್ಲಿ ಹ್ಯಾಟ್ರಿಕ್ ಸಾಧಿಸಿದ ಮೊದಲ ಭಾರತೀಯ ಮಹಿಳೆಯೆನಿಸಿದ್ದವರು ಆಕೆಯೇ. ಗೆದ್ದಾಗ ದೇಶದ ಮಗಳು, ಸೋತಾಗ ಜಾತಿಯ ಮಗಳು.

ಶರಣರ ಹೆಸರು ಹೇಳುವವರ ಮನಸ್ಸಿಗೆ ಎಲ್ಲಕ್ಕಿಂತ ಹೆಚ್ಚು ತಟ್ಟಬೇಕಾದದ್ದು ಮೊಹಮ್ಮದ್ ಸಿರಾಜ್ ಅವರ ಪ್ರಸಂಗ. ಹೈದರಾಬಾದಿನ ಈ ವೇಗದ ಬೌಲರ್ 2018ರಿಂದ 2024ರವರೆಗೆ ಬೆಂಗಳೂರು ತಂಡದಲ್ಲಿದ್ದರು. 2019ರಲ್ಲಿ ಚಿನ್ನಸ್ವಾಮಿಯಲ್ಲೇ ಕೋಲ್ಕತ್ತದ ವಿರುದ್ಧ ಎರಡು ಬೀಮರ್ ಎಸೆದು ಓವರಿನ ನಡುವೆ ಬೌಲಿಂಗಿನಿಂದ ಹೊರಗುಳಿಯಬೇಕಾಗಿ ಬಂದಿತು. ಕ್ರಿಕೆಟ್ ಬಿಟ್ಟು ಹೋಗಿ ಅಪ್ಪನ ಜೊತೆ ಆಟೋ ಓಡಿಸು ಎಂದು ಆಗ ಜನ ಬೈದದ್ದನ್ನು 2022ರಲ್ಲಿ ಸಿರಾಜ್ ಸ್ವತಃ ನೆನೆದು ಹೇಳಿದರು. ಅವರ ತಂದೆ ಆಟೋ ಓಡಿಸಿ ಮಗನನ್ನು ಬೆಳೆಸಿದವರು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಆಟೋ ಓಡಿಸುವುದು ಬೈಗುಳವಾಗುವುದು ಹೇಗೆ? ಹನ್ನೆರಡನೆಯ ಶತಮಾನದಲ್ಲಿ ಅನುಭವ ಮಂಟಪದಲ್ಲಿ ಕುಳಿತವರು ಯಾರು? ದೋಣಿ ನಡೆಸುವ ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬಟ್ಟೆ ಮಡಿ ಮಾಡುವ ಮಡಿವಾಳ ಮಾಚಯ್ಯ. ಅವರ ಕಾಯಕ ಅವರ ಹೆಸರಿನೊಡನೆಯೇ ಉಳಿಯಿತು. ಅದನ್ನು ಅವರು ಮುಚ್ಚಿಡಲಿಲ್ಲ, ಕೀರೀಟದಂತೆ ಧರಿಸಿದರು. ಜನರನ್ನು ಹೊಳೆ ದಾಟಿಸಿದ ಚೌಡಯ್ಯನವರ ಕಾಯಕಕ್ಕೂ ಜನರನ್ನು ಬೀದಿ ದಾಟಿಸುವ ಆಟೋ ಚಾಲಕನ ಕಾಯಕಕ್ಕೂ ಎಷ್ಟು ಅಂತರ? ಮಠಕ್ಕೆ ಬರುವ ಭಕ್ತರಲ್ಲಿ ಎಷ್ಟೋ ಮಂದಿ ಆಟೋದಲ್ಲೇ ಬಂದಿಳಿಯುತ್ತಾರೆ. ಕೋಲಾರದ ಬಸ್ ನಿಲ್ದಾಣದ ಮುಂದೆ ಆಟೋ ನಿಲ್ಲಿಸಿಕೊಂಡು ಸಂಜೆಯ ಪಂದ್ಯದ ಸ್ಕೋರ್ ಕೇಳುವವರೂ ಅವರೇ. ಬೌಲರನೊಬ್ಬನ ಮೇಲಿನ ಸಿಟ್ಟಿಗೆ ಈ ಮಾತನ್ನು ಮುಂದಕ್ಕೆ ಕಳುಹಿಸಿದವನು ಸಿರಾಜ್ ಅವರನ್ನಷ್ಟೇ ಬೈಯಲಿಲ್ಲ. ತನ್ನ ಬೀದಿಯ ಹತ್ತು ಮನೆಗಳನ್ನು ಬೈದ.

ಹಾಗಾದರೆ ಆಟಗಾರರನ್ನು ಟೀಕಿಸಲೇಬಾರದೇ ಎಂಬ ಪ್ರಶ್ನೆ ಸಹಜ. ಟೀಕಿಸಬೇಕು, ಕಟುವಾಗಿಯೇ ಟೀಕಿಸಬೇಕು. ಮೃದುವಾಗಿ ಮಾತನಾಡುವುದೊಂದೇ ಸದಾಚಾರವೆಂದು ತಿಳಿಯುವವರು ಅಂಬಿಗರ ಚೌಡಯ್ಯನವರ ವಚನಗಳನ್ನು ಓದಿರಲಾರರು. ಅಷ್ಟು ಖಾರವಾದ ಮಾತು ವಚನ ಸಾಹಿತ್ಯದಲ್ಲಿ ಬೇರೆ ಕಡೆ ಸಿಗುವುದು ಅಪರೂಪ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ಅಕ್ಕಮಹಾದೇವಿಯನ್ನು ಕೇಳುವ ಪ್ರಶ್ನೆಗಳೂ ಹೂವಿನ ಪ್ರಶ್ನೆಗಳಲ್ಲ. ಖಾರವಿರುವುದು ತಪ್ಪಲ್ಲ, ಖಾರ ಎಲ್ಲಿಗೆ ಬೀಳುತ್ತದೆಂಬುದು ಮುಖ್ಯ.

2023ರ ಫೆಬ್ರುವರಿಯಲ್ಲಿ ನಡೆದ ಒಂದು ವಾದವನ್ನು ಇದಕ್ಕೆ ನಿದರ್ಶನವಾಗಿ ನೋಡಬಹುದು. ಆಸ್ಟ್ರೇಲಿಯದ ವಿರುದ್ಧ ಟೆಸ್ಟ್ ಸರಣಿ ನಡೆಯುತ್ತಿದ್ದಾಗ ವೆಂಕಟೇಶ ಪ್ರಸಾದ್ ಅವರು ಕೆ.ಎಲ್. ರಾಹುಲ್ ಅವರ ಸ್ಥಾನವನ್ನು ಬಹಿರಂಗವಾಗಿ ಪ್ರಶ್ನಿಸಿದರು. ಇಬ್ಬರೂ ಕರ್ನಾಟಕದ ಆಟಗಾರರು. ರಾಹುಲ್ ಅವರ ಪ್ರತಿಭೆಯ ಬಗ್ಗೆ ತಮಗೆ ಗೌರವವಿದೆಯೆಂದು ಹೇಳಿಯೇ, 46 ಟೆಸ್ಟ್‌ಗಳ ನಂತರವೂ ಸರಾಸರಿ 34 ಇರುವುದು ಸಾಲದು ಎಂದು ಪ್ರಸಾದ್ ಅಂಕಿಗಳನ್ನು ಮುಂದಿಟ್ಟರು. ಆಕಾಶ್ ಚೋಪ್ರಾ ಅದನ್ನು ಒಪ್ಪದೆ ವಿದೇಶದ ಪಿಚ್‌ಗಳಲ್ಲಿ ರಾಹುಲ್ ಗಳಿಸಿದ ರನ್‌ಗಳ ಲೆಕ್ಕ ಕೊಟ್ಟರು. ನಡುವೆ ಮಾತು ಬಿಸಿಯೇರಿದ್ದೂ ಉಂಟು. ಆಯ್ಕೆಯಲ್ಲಿ ಪಕ್ಷಪಾತವಿದೆ ಎಂಬ ಪ್ರಸಾದ್ ಅವರ ಆರೋಪ ಅಂಕಿಗಳಷ್ಟು ಗಟ್ಟಿಯಾಗಿರಲಿಲ್ಲ. ಸರಾಸರಿಯನ್ನು ಯಾರು ಬೇಕಾದರೂ ಲೆಕ್ಕಹಾಕಿ ನೋಡಬಹುದು, ಮತ್ತೊಬ್ಬರ ಮನಸ್ಸಿನೊಳಗಿನ ಪಕ್ಷಪಾತವನ್ನು ಲೆಕ್ಕಹಾಕಲು ಬಾರದು. ಆದರೆ ರಾಹುಲ್ ಅವರ ಮನೆಯವರು, ಮದುವೆ, ಮೈಬಣ್ಣ ಯಾವುದೂ ಆ ವಾದದ ಸಾಮಗ್ರಿಯಾಗಲಿಲ್ಲ. ವಾದ ಕೇಳಿದವರಿಗೆ ಟೆಸ್ಟ್ ಕ್ರಿಕೆಟಿನ ಬಗ್ಗೆ ನಾಲ್ಕು ವಿಷಯ ಹೆಚ್ಚಿಗೆ ತಿಳಿದವು. ಮೂರನೆಯ ಟೆಸ್ಟಿಗೆ ರಾಹುಲ್ ಬದಲು ಗಿಲ್ ಆಡಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ವಿಶ್ವಕಪ್ಪಿನ ಭಾರತದ ಮೊದಲ ಪಂದ್ಯದಲ್ಲಿ ಎರಡು ರನ್ನಿಗೆ ಮೂರು ವಿಕೆಟ್ ಬಿದ್ದಿದ್ದಾಗ ಚೆನ್ನೈಯಲ್ಲಿ ಔಟಾಗದೆ 97 ರನ್ ಹೊಡೆದು ಆಸ್ಟ್ರೇಲಿಯವನ್ನು ಸೋಲಿಸಿದವರೂ ರಾಹುಲ್ ಅವರೇ. ಟೀಕೆ ಆಟದೊಳಗೆ ಉಳಿದಿದ್ದರಿಂದ ಉತ್ತರವೂ ಆಟದೊಳಗೇ ಬರಲು ಸಾಧ್ಯವಾಯಿತು. ಅಪ್ಪನ ಕಸುಬನ್ನು ಹಂಗಿಸಿದರೆ ಅದಕ್ಕೆ ಬ್ಯಾಟಿನಿಂದ ಉತ್ತರ ಕೊಡುವುದು ಹೇಗೆ?

ಅನಿಲ್ ಕುಂಬ್ಳೆ ಅವರ ಮಾತನ್ನೂ ಇಲ್ಲಿ ನೆನೆಯಬೇಕು. 2008ರ ಜನವರಿಯಲ್ಲಿ ಸಿಡ್ನಿ ಟೆಸ್ಟಿನಲ್ಲಿ ಅಂಪೈರುಗಳ ಹಲವು ತಪ್ಪು ತೀರ್ಪುಗಳ ನಡುವೆ ಭಾರತ ಸೋತಿತು. ನಾಯಕರಾಗಿದ್ದ ಕುಂಬ್ಳೆ ಪತ್ರಕರ್ತರ ಮುಂದೆ ಆಡಿದ ಮಾತು ಬಲು ಚಿಕ್ಕದು: ಕ್ರೀಡಾಮನೋಭಾವದಿಂದ ಆಡಿದ್ದು ಒಂದೇ ತಂಡ ಎಂಬುದು ಅದರ ತಾತ್ಪರ್ಯ. ಯಾರನ್ನೂ ಹೀಗಳೆಯಲಿಲ್ಲ, ದನಿ ಎತ್ತರಿಸಲಿಲ್ಲ. ಆ ಮಾತಿನ ಪೆಟ್ಟು ಮಾತ್ರ ಇಂದಿಗೂ ನೆನಪಿನಲ್ಲಿದೆ. ಆದರೆ ಅದೇ ಕಾಲದ ಇನ್ನೊಂದು ಮುಖವನ್ನು ಮರೆಯುವುದು ಪ್ರಾಮಾಣಿಕತೆಯಲ್ಲ. ಅದಕ್ಕೆ ಮೂರು ತಿಂಗಳ ಹಿಂದೆ, 2007ರ ಅಕ್ಟೋಬರಿನಲ್ಲಿ ಮುಂಬೈಯ ವಾಂಖೆಡೆಯಲ್ಲಿ ಭಾರತದ ಪ್ರೇಕ್ಷಕರೇ ಆಂಡ್ರ್ಯೂ ಸೈಮಂಡ್ಸ್ ಅವರನ್ನು ಕೋತಿಯಂತೆ ಕೂಗಿ ಅಣಕಿಸಿದ್ದರು. 2021ರಲ್ಲಿ ಅದೇ ಸಿಡ್ನಿಯಲ್ಲಿ ಸಿರಾಜ್ ಅವರನ್ನು ಪ್ರೇಕ್ಷಕರು ನಿಂದಿಸಿದಾಗ ಆರು ಜನರನ್ನು ಕ್ರೀಡಾಂಗಣದಿಂದ ಹೊರಗೆ ಕಳುಹಿಸಲಾಯಿತು. ಇಲ್ಲಿ ಎಲ್ಲರಿಗೂ ಸಿಟ್ಟು ಬಂದಿತು. ಬರಬೇಕಾದ ಸಿಟ್ಟೇ. ಆದರೆ ಸಿಡ್ನಿಯಲ್ಲಿ ಕಂಡ ತಪ್ಪು ವಾಂಖೆಡೆಯಲ್ಲಿ ಕಾಣದಿದ್ದರೆ ಆ ಸಿಟ್ಟಿಗೆ ಬೆಲೆ ಎಷ್ಟು?

ಹಾಸ್ಯವನ್ನು ಬೈಗುಳದೊಂದಿಗೆ ಸೇರಿಸಿ ನಿಷೇಧಿಸುವುದೂ ಸರಿಯಲ್ಲ. ಈ ಸಲ ಕಪ್ ನಮ್ದೇ ಎಂಬ ಘೋಷಣೆಯನ್ನು ಎಷ್ಟು ವರ್ಷ ಎಷ್ಟು ಜನ ಎಷ್ಟು ಬಗೆಯಾಗಿ ಅಣಕಿಸಲಿಲ್ಲ! ಬೆಂಗಳೂರು ತಂಡದ ಅಭಿಮಾನಿಗಳೇ ಅದನ್ನು ಹೇಳಿಕೊಂಡು ನಕ್ಕಿದ್ದಾರೆ. 2024ರ ಮಾರ್ಚಿನಲ್ಲಿ ಮಹಿಳೆಯರ ತಂಡ ಕಪ್ ಗೆದ್ದಾಗ ಆ ನಗುವಿಗೆ ಹೊಸ ಅರ್ಥ ಬಂದಿತು. ಇಂತಹ ಕೀಟಲೆಯಿಂದ ಯಾರ ಮನೆಯೂ ಮುರಿಯುವುದಿಲ್ಲ. ಹಿಂದಿನ ರಾತ್ರಿ ಹಾಗೆ ಚುಡಾಯಿಸಿದವನು ಮರುದಿನ ಮಾಲೂರು ನಿಲ್ದಾಣದ ಅಂಗಡಿಯಲ್ಲಿ ಚುಡಾಯಿಸಿಕೊಂಡವನ ಪಕ್ಕದಲ್ಲೇ ನಿಂತು ಚಹಾ ಕುಡಿಯಬಲ್ಲನಾದರೆ ಅದು ಕೀಟಲೆ. ಮುಖ ಮರೆಸಿಕೊಂಡು ಇನ್ನೊಂದು ಬೋಗಿ ಹತ್ತಬೇಕಾಗಿ ಬಂದರೆ ಅದು ಬೇರೆ ಏನೋ.

ಈ ನಾಲ್ಕು ತಾಲ್ಲೂಕುಗಳಿಗೆ ಇನ್ನೊಂದು ವಿಶೇಷ ತೊಡಕಿದೆ. ಇದು ಗಡಿನಾಡು. ಶ್ರೀನಿವಾಸಪುರ, ಮುಳಬಾಗಿಲು ಕಡೆ ಎಷ್ಟೋ ಮನೆಗಳಲ್ಲಿ ತೆಲುಗು, ಮಾಲೂರಿನ ಆಚೆ ಹೊಸೂರಿನ ದಾರಿಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ಒಬ್ಬನೇ ಹುಡುಗ ಮನೆಯಲ್ಲಿ ತೆಲುಗು ಮಾತನಾಡಿ, ಕನ್ನಡದಲ್ಲಿ ಪರೀಕ್ಷೆ ಬರೆದು, ಧೋನಿಯ ಮೇಲಿನ ಪ್ರೀತಿಯಿಂದ ಚೆನ್ನೈ ತಂಡಕ್ಕೆ ಜೈ ಅನ್ನುವುದುಂಟು. ಪಂದ್ಯ ಸೋತ ರಾತ್ರಿ ಅವನಿಗೆ ಆ ಕಡೆಗೇ ಹೊರಟುಹೋಗು ಎಂದು ಹೇಳುವವರು ಹುಟ್ಟಿಕೊಳ್ಳುತ್ತಾರೆ. ಕ್ರಿಕೆಟ್ ತಂಡವೊಂದು ಯಾವಾಗ ರಾಜ್ಯವಾಯಿತು, ಯಾವಾಗ ಭಾಷೆಯಾಯಿತು ಎಂಬುದು ತಿಳಿಯದು. ಬೆಂಗಳೂರು ತಂಡದ ಹನ್ನೊಂದು ಮಂದಿಯಲ್ಲಿ ಕನ್ನಡ ಬಲ್ಲವರು ಎಷ್ಟು ಎಂದು ಎಣಿಸಿದವರಿಗೆ ಈ ವಾದದ ಪೊಳ್ಳುತನ ಗೊತ್ತಾಗುತ್ತದೆ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು. ಕನ್ನಡಕ್ಕೆ ಅವರು 1983ರ ಜ್ಞಾನಪೀಠವನ್ನು ತಂದುಕೊಟ್ಟರು. ಮನೆಮಾತನ್ನು ನೋಡಿ ಅವರನ್ನೂ ಆಚೆ ಕಳುಹಿಸಿದ್ದರೆ ಈ ಜಿಲ್ಲೆಗೆ ಉಳಿಯುತ್ತಿದ್ದುದು ಏನು?

2025ರ ಜೂನ್ 3ರಂದು ಬೆಂಗಳೂರು ತಂಡ ಹದಿನೆಂಟನೆಯ ವರ್ಷದಲ್ಲಿ ಮೊದಲ ಬಾರಿಗೆ ಐಪಿಎಲ್ ಕಪ್ ಗೆದ್ದಿತು. ಮರುದಿನ ಚಿನ್ನಸ್ವಾಮಿಯ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಮಂದಿ ಜೀವ ಕಳೆದುಕೊಂಡರು. ಅದರ ಹೊಣೆ ಯಾರದೆಂಬುದು ಬೇರೆಯೇ ವಿಚಾರ, ಇಲ್ಲಿಗೆ ಎಳೆಯುವುದು ಸಲ್ಲದು. ಅವರೆಲ್ಲ ಆಟವನ್ನು ಪ್ರೀತಿಸಿ ಹೋದವರು ಎಂಬುದನ್ನು ಮಾತ್ರ ನೆನೆದರೆ ಸಾಕು.

ಮಾಡಬಹುದಾದ ಕೆಲಸ ಹಿರಿಯರ ಕೈಯಲ್ಲಿದೆ. ಬೇಸಿಗೆ ರಜೆಯಲ್ಲಿ ಹಳ್ಳಿಹಳ್ಳಿಯಲ್ಲೂ ಟೆನಿಸ್ ಬಾಲ್ ಕ್ರಿಕೆಟ್, ಕಬಡ್ಡಿ ಪಂದ್ಯಗಳು ನಡೆಯುತ್ತವೆ. ಬಹುಮಾನ ಕೊಡಲು ಊರ ಪ್ರಮುಖರನ್ನು ಕರೆಯುತ್ತಾರೆ, ಹಾರ ಹಾಕುತ್ತಾರೆ. ಮೈಕಿನ ಮುಂದೆ ಕುಳಿತು ವೀಕ್ಷಕ ವಿವರಣೆ ಕೊಡುವ ಹುಡುಗ ಎದುರೂರಿನವರನ್ನು ಹೀಯಾಳಿಸಿದಾಗ ವೇದಿಕೆಯ ಮೇಲಿನವರು ನಕ್ಕು ಸುಮ್ಮನಾಗುವುದೇ ರೂಢಿ. ಆ ನಗುವೇ ಆ ಹುಡುಗನಿಗೆ ಪರವಾನಗಿ. ಮೊಬೈಲಿನ ಗುಂಪುಗಳಲ್ಲೂ ಅಷ್ಟೆ. ಗುಂಪು ಕಟ್ಟಿದವನು ಸಾಮಾನ್ಯವಾಗಿ ಪರಿಚಿತನೇ, ಊರಿನವನೇ ಆಗಿರುತ್ತಾನೆ. ಯಾರಾದರೂ ಆಟಗಾರನ ತಾಯಿ, ತಂಗಿ, ಜಾತಿ, ಕಸುಬುಗಳ ಕಡೆ ಮಾತು ತಿರುಗಿಸಿದಾಗ, ಮಾತು ಆಟದ ಮೇಲಿರಲಿ ಎಂದು ಅವನು ಒಂದು ಸಾಲು ಬರೆದರೆ ಸಾಕು. ಅವನು ಬರೆಯದಿದ್ದರೆ ಇನ್ನೊಬ್ಬರು ಬರೆಯಬಹುದು. ಮೊದಲು ಬರೆಯುವವನಿಗೆ ಅಳುಕು ಇದ್ದೇ ಇರುತ್ತದೆ, ಎರಡನೆಯವನಿಗೆ ಕಡಿಮೆ. ಕಾನೂನಿನಿಂದ ಇದು ಆಗುವ ಕೆಲಸವಲ್ಲ. ಕಾನೂನು ಬರುವುದು ಹೆಣ್ಣುಮಗಳೊಬ್ಬಳು ಬೆದರಿಕೆಯನ್ನು ಓದಿ ಆದ ಮೇಲೆ.

1999ರ ಜನವರಿ 31ರಂದು ಚೆನ್ನೈಯ ಚೆಪಾಕಿನಲ್ಲಿ ಭಾರತ ತಂಡ ಪಾಕಿಸ್ತಾನಕ್ಕೆ ಹನ್ನೆರಡು ರನ್ನುಗಳಿಂದ ಸೋತಿತು. ಅಂದಿನ ತಂಡದಲ್ಲಿ ಕರ್ನಾಟಕದವರೇ ಐದು ಜನ: ದ್ರಾವಿಡ್, ಕುಂಬ್ಳೆ, ಶ್ರೀನಾಥ್, ಪ್ರಸಾದ್, ಸುನಿಲ್ ಜೋಶಿ. ಬೆನ್ನುನೋವಿನ ನಡುವೆ ಸಚಿನ್ ತೆಂಡೂಲ್ಕರ್ ಹೊಡೆದ 136 ರನ್ ಸಾಲಲಿಲ್ಲ. ಗೆಲುವು ಕೈಯಳತೆಯಲ್ಲಿ ಜಾರಿತ್ತು. ಸ್ವಲ್ಪ ಹೊತ್ತು ಕ್ರೀಡಾಂಗಣ ಮೌನವಾಯಿತು. ಅನಂತರ ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪಾಕಿಸ್ತಾನದ ಆಟಗಾರರು ಆ ಚಪ್ಪಾಳೆಯ ನಡುವೆ ಮೈದಾನದ ಸುತ್ತ ಓಡಿದರು. ಅವರಿಗೆ ಯಾರೂ ಹಾಗೆ ಮಾಡಿರೆಂದು ಹೇಳಿಕೊಟ್ಟಿರಲಿಲ್ಲ.

ಸಿರಾಜ್ ಅವರ ವಿಷಯ ಇನ್ನೊಂದು ಉಳಿದಿದೆ. ಅವರ ತಂದೆ 2020ರ ನವೆಂಬರಿನಲ್ಲಿ ತೀರಿಕೊಂಡಾಗ ಮಗ ಆಸ್ಟ್ರೇಲಿಯದಲ್ಲಿದ್ದರು, ಅಂತ್ಯಕ್ರಿಯೆಗೆ ಬರಲಾಗದೆ ತಂಡದೊಡನೆಯೇ ಉಳಿದರು. 2023ರ ಸೆಪ್ಟೆಂಬರ್ 17ರಂದು ಕೊಲಂಬೊದಲ್ಲಿ ಏಷ್ಯಾ ಕಪ್ಪಿನ ಫೈನಲ್. ಸಿರಾಜ್ 21 ರನ್ ಕೊಟ್ಟು ಆರು ವಿಕೆಟ್ ಪಡೆದರು, ಶ್ರೀಲಂಕಾ 50 ರನ್ನಿಗೆ ಆಲೌಟಾಯಿತು. ಆ ಪಂದ್ಯಾವಳಿಯುದ್ದಕ್ಕೂ ಮಳೆ ಬಿಟ್ಟುಬಿಟ್ಟು ಸುರಿದಿತ್ತು. ಮೈದಾನದ ಕೆಲಸಗಾರರು ಹಗಲು ರಾತ್ರಿ ಟಾರ್ಪಾಲು ಎಳೆದು, ನೀರು ಹಿಂಡಿ ಆಟ ನಡೆಯುವಂತೆ ಮಾಡಿದ್ದರು. ಪಂದ್ಯಶ್ರೇಷ್ಠ ಪ್ರಶಸ್ತಿಯ ಹಣ ಕೈಗೆ ಬಂದಾಗ, ಇವರಿಲ್ಲದೆ ಪಂದ್ಯಾವಳಿಯೇ ನಡೆಯುತ್ತಿರಲಿಲ್ಲವೆಂದು ಹೇಳಿ, ಆ ಆಟೋ ಚಾಲಕನ ಮಗ ಅದನ್ನು ಆ ಕೆಲಸಗಾರರಿಗೇ ಕೊಟ್ಟುಬಿಟ್ಟರು.